ಮಗುವಿಗೆ ಐರಿಷ್ ಹೆಸರು: ಮೊದಲು ಕಿವಿ, ಆಮೇಲೆ ಸ್ಪೆಲಿಂಗ್

ಐರ್ಲೆಂಡಿನಲ್ಲೇ ಇದ್ದು ಮಗುವಿಗೆ ಐರಿಷ್ ಹೆಸರಿಟ್ಟರೆ ತಲೆನೋವೇನೂ ಇಲ್ಲ. ನರ್ಸು, ಟೀಚರು, ಅಂಗಡಿಯವರು ಎಲ್ಲರಿಗೂ ಓದಲು ಬರುತ್ತದೆ. ಅದೇ ಹೆಸರನ್ನು ಬಾಸ್ಟನ್ನಿಗೋ ಮೆಲ್ಬರ್ನಿಗೋ ಬರ್ಮಿಂಗ್‌ಹ್ಯಾಮಿಗೋ ಒಯ್ದರೆ ಕತೆ ಬೇರೆ.

ಅಜ್ಜ ಮುತ್ತಜ್ಜನ ಕಾಲದಲ್ಲಿ ಐರ್ಲೆಂಡ್ ಬಿಟ್ಟು ಬಂದ ಮನೆಗಳವರು ಊರಿನ ನೆನಪಿಗೆ ಅಂತ ಇಂಥ ಹೆಸರು ಹುಡುಕುತ್ತಾರೆ. ಡಬ್ಲಿನ್ನಿಗೆ ಕೆಲಸಕ್ಕೆ ಹೋಗಿ, ಅಲ್ಲಿನವರನ್ನೇ ಮದುವೆಯಾಗಿ, ಆಮೇಲೆ ಕೆನಡಾಕ್ಕೋ ಅಮೆರಿಕಕ್ಕೋ ಹೊರಟ ನಮ್ಮ ಹುಡುಗ ಹುಡುಗಿಯರೂ ಹುಡುಕುತ್ತಾರೆ. ಎಲ್ಲರೂ ಎಡವುವುದು ಒಂದೇ ಕಡೆ. ಪಟ್ಟಿಯಲ್ಲಿ ಕಂಡ ಸ್ಪೆಲಿಂಗಿಗೆ ಮರುಳಾಗುತ್ತಾರೆ, ಹೇಗೆ ಕರೆಯಬೇಕು ಅನ್ನುವುದನ್ನು ಆಮೇಲೆ ವಿಚಾರಿಸುತ್ತಾರೆ. ಉಲ್ಟಾ ಮಾಡಿ.

ಹಂತ 1: ಮನೆಯ ಹಿರಿಯರ ಹೆಸರು ಕೇಳಿಕೊಳ್ಳಿ

ಹಳೆಯ ಐರಿಷ್ ಪದ್ಧತಿಯಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ನಮ್ಮಲ್ಲಿ ಅಜ್ಜನ ಹೆಸರಿಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆತನದಲ್ಲೇ ಒಳ್ಳೆಯ ಹೆಸರು ಸಿಕ್ಕಿದರೆ ಮುಂದಿನ ಅರ್ಧ ಕೆಲಸ ಮುಗಿಯಿತು.

ಹಂತ 2: ಅದು ನಿಜಕ್ಕೂ ಐರ್ಲೆಂಡಿನ ಹೆಸರಾ, ನೋಡಿ

ಕಾಲೀನ್ ಅನ್ನುವುದು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಅಚ್ಚ ಐರಿಷ್ ಹೆಸರು ಅಂತ ಚಲಾವಣೆಯಲ್ಲಿದೆ. ಅದರ ಅರ್ಥ ‘ಹುಡುಗಿ’, ಅಷ್ಟೆ. ಐರ್ಲೆಂಡಿನಲ್ಲಿ ಹಾಗೆ ಹೆಸರಿಡುವವರು ಸಿಗುವುದೇ ಅಪರೂಪ. ಡಿಲನ್ ವೇಲ್ಸಿನದ್ದು. ಫಿಯೋನಾ ಹದಿನೆಂಟನೇ ಶತಮಾನದಲ್ಲಿ ಒಬ್ಬ ಸ್ಕಾಟಿಷ್ ಕವಿ ಕಟ್ಟಿದ ಹೆಸರು. ಲಿಯಮ್ ಐರಿಷೇ ಹೌದು, ಆದರೆ 2017ರಿಂದ ಹಲವು ವರ್ಷ ಅಮೆರಿಕದ ಗಂಡುಮಕ್ಕಳ ಪಟ್ಟಿಯಲ್ಲಿ ಅದೇ ಮೊದಲು. ಅಪರೂಪದ ಹೆಸರು ಬೇಕು ಅಂತ ಹೊರಟು ಲಿಯಮ್ ಇಟ್ಟರೆ ಕ್ಲಾಸಿನಲ್ಲಿ ಕರೆದಾಗ ಮೂವರು ಎದ್ದು ನಿಲ್ಲುತ್ತಾರೆ.

ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿ ಪ್ರತಿ ವರ್ಷ ಮಕ್ಕಳ ಹೆಸರಿನ ಪಟ್ಟಿ ಹೊರತರುತ್ತದೆ. ಪುಕ್ಕಟೆ ಸಿಗುತ್ತದೆ. ಅಲ್ಲಿನ ಜನ ಈಗ ಯಾವ ಹೆಸರಿಡುತ್ತಾರೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. 2021ರಲ್ಲಿ ಹೆಣ್ಣುಮಕ್ಕಳ ಪಟ್ಟಿಯ ತುದಿಯಲ್ಲಿದ್ದದ್ದು ಫೀಯಾ. ಎಫ್-ಐ-ಎ-ಡಿ-ಎಚ್ ಅಂತ ಬರೆಯುತ್ತಾರೆ. ಅಚ್ಚ ಐರಿಷ್ ಪದ, ಕಾಡಿಗೆ ಸೇರಿದ್ದು ಅನ್ನುವ ಅರ್ಥ.

ಅಂಗಡಿಯಲ್ಲಿ ಮಾರುವ ಹೆಸರಿನ ಪುಸ್ತಕ ಮಾತ್ರ ಕೊಳ್ಳಬೇಡಿ. ಅವುಗಳಲ್ಲಿ ಗಂಡು ಹೆಸರೆಲ್ಲ ‘ವೀರ ಯೋಧ’, ಹೆಣ್ಣು ಹೆಸರೆಲ್ಲ ‘ಸುಂದರಿ’. ಒಂದು ಅರ್ಥವನ್ನೂ ನಂಬುವ ಹಾಗಿಲ್ಲ.

ಹಂತ 3: ಉಚ್ಚಾರ ಗಟ್ಟಿ ಮಾಡಿಕೊಳ್ಳಿ

ಇಲ್ಲಿ ನಿಧಾನ ಮಾಡಿ. ಕೆಟ್ಟುಹೋಗುವುದೆಲ್ಲ ಇಲ್ಲೇ.

ಐರಿಷ್ ಸ್ಪೆಲಿಂಗಿಗೆ ತಲೆಬುಡ ಇಲ್ಲ ಅಂತ ಜನ ನಗುತ್ತಾರೆ. ಹಾಗೇನಿಲ್ಲ. ಇಂಗ್ಲಿಷಿಗಿಂತ ಅದರ ಶಿಸ್ತು ಜಾಸ್ತಿ. ಇಂಗ್ಲಿಷ್ ನಿಯಮ ಇಟ್ಟುಕೊಂಡು ಓದಿದರೆ ಮಾತ್ರ ಕೈಕೊಡುತ್ತದೆ.

ಮೊದಲು ಎಚ್ ಅಕ್ಷರ. ಅದು ಬಂದರೆ ಹಿಂದಿನ ವ್ಯಂಜನ ಮೆತ್ತಗಾಯಿತು ಅಂತ ಲೆಕ್ಕ. ಹಳೆಯ ಐರಿಷ್ ಲಿಪಿಯಲ್ಲಿ ಇದಕ್ಕೆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ರೋಮನ್ ಅಚ್ಚಿಗೆ ಬದಲಾದಾಗ ಚುಕ್ಕಿ ಹೋಗಿ ಎಚ್ ಬಂತು. ಬಿ-ಎಚ್ ಮತ್ತು ಎಂ-ಎಚ್ ಹೆಚ್ಚಾಗಿ ‘ವ’ ಆಗುತ್ತವೆ. ಟಿ-ಎಚ್ ಬರೀ ‘ಹ’. ಡಿ-ಎಚ್, ಜಿ-ಎಚ್ ಹೆಸರಿನ ನಡುವೆಯೋ ಕೊನೆಯಲ್ಲೋ ಬಂದರೆ ಸಾಮಾನ್ಯವಾಗಿ ಮಾಯ. ಹಾಗಾಗಿ ಎನ್-ಐ-ಎ-ಎಂ-ಎಚ್ ಅಂದರೆ ನೀವ್. ಇ-ಒ-ಜಿ-ಎಚ್-ಎ-ಎನ್ ಅಂದರೆ ಓಅನ್. ಟಿ-ಎ-ಡಿ-ಎಚ್-ಜಿ ಅಂದರೆ ಟೈಗ್. ಎಸ್-ಎ-ಡಿ-ಎಚ್-ಬಿ-ಎಚ್ ಕಂಡು ಹೆದರಬೇಡಿ, ಅದು ಸೈವ್.

ಆಮೇಲೆ ಸ್ವರಗಳು. ಇಷ್ಟೊಂದು ಸ್ವರ ಯಾಕೆ ತುರುಕಿದ್ದಾರೆ ಅನ್ನಿಸುತ್ತದೆ, ಅಲ್ವಾ? ಅವುಗಳಲ್ಲಿ ಕೆಲವು ಉಚ್ಚರಿಸಲು ಇಲ್ಲವೇ ಇಲ್ಲ. ಪಕ್ಕದ ವ್ಯಂಜನ ಯಾವ ಬಗೆಯದು ಅಂತ ಸನ್ನೆ ಮಾಡಲು ಇವೆ. ಎಸ್ ಅಕ್ಷರದ ಪಕ್ಕ ಇ ಅಥವಾ ಐ ಇದ್ದರೆ ಅದು ‘ಶ’. ಎ, ಒ, ಯು ಇದ್ದರೆ ‘ಸ’. ಎಸ್-ಇ-ಎ-ಎನ್ ತೆಗೆದುಕೊಳ್ಳಿ. ಇ ಅಲ್ಲಿರುವುದು ಎಸ್ಸನ್ನು ‘ಶ’ ಮಾಡಲು ಮಾತ್ರ. ಹಾಗಾಗಿ ಶಾನ್. ಎಸ್-ಎ-ಒ-ಐ-ಆರ್-ಎಸ್-ಇ ನೋಡಿ. ಮೊದಲ ಎಸ್ ಪಕ್ಕ ಎ, ಅದು ‘ಸ’. ಎರಡನೆಯದರ ಪಕ್ಕ ಇ, ಅದು ‘ಶ’. ಎ-ಒ ಸೇರಿದರೆ ‘ಈ’. ಒಟ್ಟು ಸೀರ್ಶಾ. ಈ ಹೆಸರಿನ ನಟಿ ಸೀರ್ಶಾ ರೋನನ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಆಕೆಯೇ ತನ್ನ ಹೆಸರನ್ನು ಸರ್ಶಾ ಅನ್ನುತ್ತಾರೆ. ಅದೂ ಸರಿ, ಇದೂ ಸರಿ.

ಸಿ ಯಾವಾಗಲೂ ‘ಕ’. ಸಿ ಇಂದ ಶುರುವಾಗುವ ಹೆಸರಿನ ಐರಿಷ್ ನಟ ಕಿಲಿಯನ್ ಮರ್ಫಿಗೆ 2024ರಲ್ಲಿ ಆಸ್ಕರ್ ಬಂದ ಮೇಲೆ ಈ ಒಂದು ಹೆಸರನ್ನಾದರೂ ಜನ ಕಲಿತಿದ್ದಾರೆ. ಆದರೆ ಕೀರಾ, ಅಂದರೆ ಸಿ-ಐ-ಎ-ಆರ್-ಎ, ಅಮೆರಿಕದಲ್ಲಿ ಸಿಯೆರಾ ಆಗುತ್ತದೆ. ತಿದ್ದಿ ತಿದ್ದಿ ಸುಸ್ತಾಗುವ ಹೆಸರು ಅದು. ಬಿಟ್ಟುಬಿಡಿ ಅನ್ನುತ್ತೇನೆ ನಾನು.

ಒಂದೇ ಹೆಸರನ್ನು ಊರಿಗೊಂದು ಥರ ಹೇಳುವುದೂ ಇದೆ. ಸಿ-ಎ-ಒ-ಐ-ಎಂ-ಎಚ್-ಇ ದಕ್ಷಿಣದಲ್ಲಿ ಕೀವಾ, ಉತ್ತರದಲ್ಲಿ ಕ್ವೀವಾ. ನಿಮ್ಮ ಸಂಗಾತಿಯ ಮನೆತನ ಯಾವ ಕಡೆಯದು ಕೇಳಿ, ಅದನ್ನೇ ಇಟ್ಟುಕೊಳ್ಳಿ.

ಕಲಿಯಲು ಮೊಬೈಲ್ ಆ್ಯಪ್ ಬೇಡ. ಯಂತ್ರದ ಧ್ವನಿ ಐರಿಷ್ ಹೆಸರನ್ನು ಅಮೆರಿಕನ್ ಇಂಗ್ಲಿಷಿನಲ್ಲಿ ಅಗಿದು ಉಗುಳುತ್ತದೆ. ಜೀವಂತ ಕಂಠ ಕೇಳಿ. ಐರಿಷ್ ಭಾಷೆಯ ಬಾನುಲಿ ರೇಡಿಯೊ ನಾ ಗೇಲ್ಟಾಕ್ಟಾ ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೂ ಸಿಗುತ್ತದೆ. ಟಿ-ಇ-ಎ-ಎನ್-ಜಿ-ಎಲ್-ಎ-ಎನ್-ಎನ್ ಅಂತ ಹುಡುಕಿದರೆ ಒಂದು ನಿಘಂಟು ತಾಣ ಸಿಗುತ್ತದೆ. ಅಲ್ಲಿ ಪದಗಳನ್ನು ಅಲ್ಸ್ಟರ್, ಕನಾಟ್, ಮನ್ಸ್ಟರ್ ಈ ಮೂರೂ ಐರಿಷ್ ಪ್ರಾಂತಗಳ ಉಚ್ಚಾರದಲ್ಲಿ ಕೇಳಬಹುದು. ಹರ್ಲಿಂಗ್ ಅನ್ನುವ ಐರಿಷ್ ಕೋಲು-ಚೆಂಡಿನ ಆಟದ ಐರಿಷ್ ಕಾಮೆಂಟರಿ ಕೇಳುವುದು ಇನ್ನೂ ಮಜಾ. ಆಟಗಾರರ ಹೆಸರುಗಳೇ ನಿಮಗೆ ಪಾಠ.

ಉಚ್ಚಾರ ಗಟ್ಟಿಯಾದ ಮೇಲೆ ಒಂದು ಪರೀಕ್ಷೆ. ಐರಿಷ್ ಗೊತ್ತಿಲ್ಲದ ಅಕ್ಕಪಕ್ಕದ ಮೂವರಿಗೆ ಹೆಸರನ್ನು ಬರೆದು ತೋರಿಸಿ. ಮೊದಲ ಸಲ ತಪ್ಪು ಓದಲಿ, ಚಿಂತೆಯಿಲ್ಲ. ಒಮ್ಮೆ ಹೇಳಿಕೊಟ್ಟ ಮೇಲೆ ಮರುವಾರ ನೆನಪಿದ್ದರೆ ಹೆಸರು ಪಾಸು. ಮರುವಾರವೂ ತಡವರಿಸಿದರೆ ಮಗು ಜೀವನವಿಡೀ ತಿದ್ದುತ್ತಾ ಇರಬೇಕಾಗುತ್ತದೆ. ರೋಶೀನ್, ಓಶೀನ್, ಈಫಾ ಇವು ಒಂದೇ ಸಲಕ್ಕೆ ಕೂರುತ್ತವೆ. ಗ್ರಾನ್ಯಾ ಕೂರುವುದಿಲ್ಲ. ಇಂಗ್ಲಿಷಿನವರು ಅದನ್ನು ‘ಗ್ರಾನಿ’ ಮಾಡಿ ಮಗುವನ್ನು ಅಜ್ಜಿ ಅಂತ ಕರೆಯುತ್ತಾರೆ.

ಹಂತ 4: ಅರ್ಧಂಬರ್ಧ ಸ್ಪೆಲಿಂಗ್ ಬೇಡ

ಇದ್ದರೆ ಪೂರ್ತಿ ಐರಿಷ್ ಸ್ಪೆಲಿಂಗ್ ಇರಲಿ. ಇಲ್ಲವೇ ಮೊದಲಿನಿಂದ ಬಳಕೆಯಲ್ಲಿರುವ ಇಂಗ್ಲಿಷ್ ರೂಪ ಇರಲಿ. ಮೇವ್, ರೋರಿ, ಕೀರನ್, ನೋರಾ, ಡೆಕ್ಲನ್ ಇವೆಲ್ಲ ಇಂಗ್ಲಿಷ್ ರೂಪದಲ್ಲಿ ಎಷ್ಟೋ ಕಾಲದಿಂದ ನಡೆದುಬಂದಿವೆ. ಯಾರೂ ಹುಬ್ಬೇರಿಸುವುದಿಲ್ಲ. ಆದರೆ ‘ಸುಲಭವಾಗಲಿ’ ಅಂತ ನೀವೇ ಕೂತು ಹೊಸ ಸ್ಪೆಲಿಂಗ್ ಕಟ್ಟಿದರೆ ಎರಡೂ ಕಡೆ ನಷ್ಟ. ಐರ್ಲೆಂಡಿನವರಿಗೆ ಅದು ಹೆಸರು ಅನ್ನಿಸುವುದಿಲ್ಲ, ಹೊರಗಿನವರು ಹೇಗೂ ಇನ್ನೊಮ್ಮೆ ಕೇಳುತ್ತಾರೆ. ಕ್ಯಾಟ್ಲೀನ್ ಅನ್ನುವ ಚೆಂದದ ಹೆಸರು ಅಮೆರಿಕದಲ್ಲಿ ಕೇಟ್ಲಿನ್ ಆಗಿ, ಕೆ ಬಂದು, ವೈ ಬಂದು, ಹತ್ತು ವೇಷ ಹಾಕಿದ್ದು ಹೀಗೇ.

ಹಂತ 5: ಕನ್ನಡದ ಕಿವಿಗೆ ಹೇಗೆ ಕೇಳುತ್ತದೆ?

ಇದು ಕನ್ನಡದ ನಂಟಿರುವ ಮನೆಯವರಿಗೆ ಮಾತ್ರ, ಆದರೆ ಬಿಡಬೇಡಿ. ಮೇವ್ ಕನಾಟಿನ ವೀರರಾಣಿಯ ಹೆಸರು. ಊರಿನ ಅಜ್ಜನಿಗೆ ಕೇಳುವುದು ದನದ ಮೇವು. ಊನಾ ಹಳೆಯ, ಗೌರವದ ಐರಿಷ್ ಹೆಸರು. ನಮ್ಮಲ್ಲಿ ಊನ ಅಂದರೆ ಕೊರತೆ. ಓರ್ಲಾ ಅಂದರೆ ಒರಳು ನೆನಪಾಗುತ್ತದೆ. ಇನ್ನು ನೀವ್ ಅಂತೂ ದೊಡ್ಡ ಫಜೀತಿ. ‘ನೀವ್, ಊಟ ಮಾಡು’ ಅಂದರೆ ಮರ್ಯಾದೆ ಕೊಟ್ಟು ಕಿತ್ತುಕೊಂಡ ಹಾಗೆ.

ಎರಡೂ ಕಡೆ ಒಪ್ಪುವವೂ ಬೇಕಾದಷ್ಟಿವೆ. ಎಸ್-ಐ-ಎಲ್-ಇ ಅಂತ ಬರೆದು ಶೀಲಾ ಅಂತ ಕರೆಯುವುದು ನನ್ನ ಮೊದಲ ಆಯ್ಕೆ. ಅತ್ತೆ ಮಾವ ಇಬ್ಬರ ಕಡೆಯವರೂ ತಮ್ಮದೇ ಹೆಸರು ಅಂದುಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿದ್ದರೆ ಮಾತ್ರ ಬೇಡ. ಅಲ್ಲಿ ಹೆಂಗಸರನ್ನು ಹಗುರವಾಗಿ ಶೀಲಾ ಅನ್ನುವ ರೂಢಿ ಇದೆ. ತಾರಾ ಆಗಬಹುದು. ಹಿಂದಿನ ಐರಿಷ್ ರಾಜರ ಗುಡ್ಡದ ಹೆಸರು ಅದು, ಮೀತ್ ಕೌಂಟಿಯಲ್ಲಿದೆ. ಕೀರನ್ ಇಟ್ಟರೆ ಕಿರಣ ಅಂತ ಕರೆಯಲು ಅಡ್ಡಿಯಿಲ್ಲ. ಶಿವಾನ್ ಹೆಣ್ಣು ಹೆಸರು. ಅಜ್ಜಿ ಅದನ್ನು ಶಿವಾನಿ ಮಾಡಿಯೇ ಮಾಡುತ್ತಾರೆ, ಸುಮ್ನೆ ಬಿಟ್ಟುಬಿಡಿ.

ಕನ್ನಡಕ್ಕೆ ಒಂದು ಅನುಕೂಲ ಇದೆ. ಹೆಸರನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆದು ಊರಿಗೆ ಕಳಿಸಿ. ಅಮೆರಿಕದ ಟೀಚರಿಗಿಂತ ಮೊದಲು ಹಾಸನದ ಅಜ್ಜಿ ಸರಿಯಾಗಿ ಓದುತ್ತಾರೆ.

ಇರುವ ಊರಿನ ಜಗಳವನ್ನೂ ಗಮನಿಸಿ. ಟೈಗ್ ಐರ್ಲೆಂಡಿನಲ್ಲಿ ಜನಪ್ರಿಯ ಹೆಸರು. ಉತ್ತರ ಐರ್ಲೆಂಡಿನಲ್ಲಿ ಈ ಹೆಸರಿನಿಂದಲೇ ಬಂದ ಒಂದು ಮಾತು ಕ್ಯಾಥೊಲಿಕರಿಗೆ ಬೈಗುಳ. ಬೆಲ್‌ಫಾಸ್ಟ್ ಕಡೆ ನೆಂಟರಿದ್ದರೆ ಒಂದು ಮಾತು ಕೇಳಿ ಮುಂದುವರಿಯಿರಿ.

ಹಂತ 6: ಫಾದಾ ಮತ್ತು ಕಾಗದಪತ್ರ

ಐರಿಷ್ ಸ್ವರದ ಮೇಲೆ ಬಲಕ್ಕೆ ಓರೆಯಾಗಿ ಏರುವ ಗೀಟಿಗೆ ಫಾದಾ ಅನ್ನುತ್ತಾರೆ. ನಮ್ಮ ದೀರ್ಘದ ಕೆಲಸವೇ ಅದರದ್ದು. ಅಲಂಕಾರ ಅಲ್ಲ. ಶಾನ್ ಹೆಸರಿನಲ್ಲಿ ಎ ಮೇಲಿನ ಫಾದಾ ತೆಗೆದರೆ ಉಳಿಯುವುದು ‘ಹಳೆಯ’ ಅನ್ನುವ ಪದ.

ಜನನ ಪ್ರಮಾಣಪತ್ರದಲ್ಲಿ ಫಾದಾ ಹಾಕಲು ನಿಮ್ಮ ಕಚೇರಿ ಒಪ್ಪುತ್ತದಾ ಅಂತ ಮಗು ಹುಟ್ಟುವ ಮೊದಲೇ ಕೇಳಿ. ಅಮೆರಿಕದಲ್ಲಿ ಇದು ರಾಜ್ಯಕ್ಕೊಂದು ಥರ. ಒಪ್ಪಿದರೆ ಹಾಕಿಸಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲಿನಲ್ಲಿ ಎ ಇಂದ ಝಡ್ ತನಕದ ಅಕ್ಷರ ಬಿಟ್ಟು ಬೇರೆ ಅಕ್ಷರಕ್ಕೆ ಜಾಗವಿಲ್ಲ. ಹಾಗಾಗಿ ವಿಮಾನದ ಟಿಕೆಟಿನಲ್ಲಿ ಫಾದಾ ಬೇಡ. ಹಳೆಯ ಕಂಪ್ಯೂಟರುಗಳು ಅದನ್ನು ವಿಚಿತ್ರ ಚಿಹ್ನೆ ಮಾಡಿಬಿಡುತ್ತವೆ.

ಐರ್ಲೆಂಡಿನಲ್ಲಿ ಹುಟ್ಟಿದ ಐರಿಷ್ ಪ್ರಜೆಯ ಮಗು ಎಲ್ಲಿ ಹುಟ್ಟಿದರೂ ಐರಿಷ್ ಪ್ರಜೆ. ಅಲ್ಲಿ ಹುಟ್ಟಿದ್ದು ಅಜ್ಜ ಅಜ್ಜಿ ಮಾತ್ರ ಆಗಿದ್ದರೆ ಮೊದಲು ಹೊರನಾಡ ಜನನ ದಾಖಲೆಯಲ್ಲಿ ನೋಂದಾಯಿಸಬೇಕು. ಎರಡಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಮುಂದೆ ಎಲ್ಲ ಕಡೆ ಅದೇ ತಪ್ಪು. ಇಂಗ್ಲೆಂಡಿನಲ್ಲಿ ನೋಂದಣಿಗೆ 42 ದಿನ ಇದೆ, ಸ್ಕಾಟ್ಲೆಂಡಿನಲ್ಲಿ 21. ಅಮೆರಿಕದ ಆಸ್ಪತ್ರೆಗಳು ಮನೆಗೆ ಕಳಿಸುವ ಮೊದಲೇ ಫಾರಂ ಹಿಡಿದು ಬರುತ್ತವೆ. ನಿದ್ದೆಗಣ್ಣಿನಲ್ಲಿ ಬಾಯಿಮಾತಿನಲ್ಲಿ ಸ್ಪೆಲಿಂಗ್ ಹೇಳಬೇಡಿ. ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಆಸ್ಪತ್ರೆಯ ಬ್ಯಾಗಿನಲ್ಲೇ ಇರಲಿ.

ಹಂತ 7: ಸುದ್ದಿ ತಿಳಿಸಿ

ಮನೆಯ ವಾಟ್ಸಾಪ್ ಗ್ರೂಪಿಗೆ ಫೋಟೊ ಜೊತೆ ಧ್ವನಿ ಸಂದೇಶವನ್ನೂ ಹಾಕಿ. ಹೆಸರನ್ನು ಎರಡು ಸಲ ನಿಧಾನವಾಗಿ ಹೇಳಿ. ಹೆಸರು ಬರೆದ ಚಹಾ ಕಪ್, ಕಂಬಳಿ, ತೊಟ್ಟಿಲ ಹಲಗೆ ಇವನ್ನೆಲ್ಲ ಪ್ರಮಾಣಪತ್ರ ಕೈಗೆ ಬಂದ ಮೇಲೆ ಆರ್ಡರ್ ಮಾಡಿ. ಅಚ್ಚಿಗೆ ಹೋಗುವ ಮೊದಲು ಪ್ರೂಫ್ ತರಿಸಿಕೊಳ್ಳಿ. ಮುದ್ರಕರು ಫಾದಾವನ್ನು ಒಂದೋ ಮರೆಯುತ್ತಾರೆ, ಇಲ್ಲವೇ ಎಡಕ್ಕೆ ತಿರುಗಿಸಿ ಕೂರಿಸುತ್ತಾರೆ.