ಗಟ್ಟಿ ಇಂಗನ್ನ ತುಪ್ಪದಲ್ಲಿ ಅರಳಿಸಿ

ಹೊಗೆಯಾಡೋ ಎಣ್ಣೆಗೆ ಮೊದಲೇ ಇಂಗಿನ ಪುಡಿ ಸುರಿದು, ಅದು ಕರ್ರಗಾದ ಮೇಲೆ ಸಾಸಿವೆ ಡಬ್ಬಿ ಹುಡುಕೋರನ್ನ ನೋಡಿ ನೋಡಿ ಸಾಕಾಗಿದೆ. ಆಮೇಲೆ ಸಾರಿಗೆ ಘಮವೇ ಇಲ್ಲ ಅಂತಾರೆ. ಸೀದು ಹೋದ್ರೆ ಘಮ ಎಲ್ಲಿಂದ ಬರಬೇಕು? ಸಾಸಿವೆ ಸಿಡಿದು, ಒಲೆ ಆರಿಸಿದ ಮೇಲೆ ಇಂಗು ಹಾಕ್ರಮ್ಮ.

ಇಂಗು ಅಂದ್ರೆ ಗಿಡದ ಹಾಲು. ಇರಾನ್, ಅಫ್ಘಾನಿಸ್ತಾನದ ಒಣ ಗುಡ್ಡಗಳಲ್ಲಿ ಆ ಗಿಡದ ದಪ್ಪ ಬೇರನ್ನ ಕೊಯ್ದು, ಒಸರಿ ಗಟ್ಟಿಯಾದ ಅಂಟನ್ನ ಕೆರೆದು ತೆಗೀತಾರೆ. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟಿದ್ದೇ 2020ರಲ್ಲಿ. ಅಂಗಡಿಯ ಇಂಗಿಗೆ ಗೋಂದು, ಹಿಟ್ಟು ಬೆರೆಸಿರ್ತಾರೆ. ಪುಡಿಯಾದರೆ ಮುಚ್ಚಳ ತೆಗೆದಾಗೆಲ್ಲ ವಾಸನೆ ಹಾರಿಹೋಗುತ್ತೆ. ಅದಕ್ಕೇ ಗಟ್ಟಿ ಇಂಗು ತನ್ನಿ ಅನ್ನೋದು.

ನಮ್ಮತ್ತೆ ಮಾಡ್ತಿದ್ದ ಕ್ರಮ ಹೇಳ್ತೀನಿ, ಒಂದು ಹೆಜ್ಜೆಯನ್ನೂ ಬಿಡಬೇಡಿ. ಗಟ್ಟೀನ ಒಲೆಯ ಪಕ್ಕ ಬೆಚ್ಚಗಿಟ್ಟು, ಮೆತ್ತಗಾದ ಕೂಡಲೇ ತುಪ್ಪದ ಕೈಯಲ್ಲಿ ಕಡಲೆಕಾಳಿನಷ್ಟು ಚಿವುಟಿ. ದೊಡ್ಡದಾದ್ರೆ ಒಳಗೆ ಹಸಿ ಉಳಿಯುತ್ತೆ. ಕಬ್ಬಿಣದ ಸೌಟಲ್ಲಿ ತುಪ್ಪ ಬಿಸಿ ಮಾಡಿ, ಉರಿ ಪೂರ್ತಿ ತಗ್ಗಿಸಿ, ನಾಲ್ಕೈದು ಚೂರು ಮಾತ್ರ ಬಿಡಿ. ಮೊದಲು ನೊರೆ ಬರುತ್ತೆ, ಆಮೇಲೆ ಚೂರು ಉಬ್ಬಿ ಹಗುರಾಗುತ್ತೆ. ಆಗ ಮಗುಚಿ. ಒಂದನ್ನ ತೆಗೆದು, ಆರಿಸಿ, ಮುರಿದು ನೋಡಿ: ಗರಿಗರಿ ಅನ್ನಬೇಕು, ಅಂಟಿದ್ರೆ ಇನ್ನೂ ಬಿಡಿ. ಪೂರ್ತಿ ಆರಿದ ಮೇಲೆ ಹುರಿದ ಕಲ್ಲುಪ್ಪಿನ ಜೊತೆ ಕುಟ್ಟಿ ಗಾಜಿನ ಸೀಸೆಗೆ ತುಂಬಿ. ಮಿಕ್ಸಿಗೆ ಹಾಕಬೇಡಿ, ನಾಳೆ ಕಾಯಿಚಟ್ನಿಗೂ ಇಂಗಿನ ವಾಸನೆ ಹತ್ತುತ್ತೆ. ಕಾಫಿಪುಡಿ ಪಕ್ಕದಲ್ಲಂತೂ ಆ ಸೀಸೆ ಇಡಲೇಬೇಡಿ.

ಅಂದಹಾಗೆ, ಉಪ್ಪಿನಕಾಯಿ ಭರಣೀನ ಬರೀ ಬಟ್ಟೇಲಿ ಒರೆಸಿ ತುಂಬ್ತೀರಲ್ಲ, ಕೆಂಡದ ಮೇಲೆ ಚೂರು ಇಂಗು ಹಾಕಿ ಆ ಹೊಗೆಗೆ ಭರಣಿ ಬೋರಲು ಹಾಕಿ ನೋಡಿ.

ಹೊಟ್ಟೆ ಉಬ್ಬರಕ್ಕೆ ಈ ಪುಡಿ ಚಿಟಿಕೆ ಮಜ್ಜಿಗೆಗೆ ಸಾಕು. ಆಯುರ್ವೇದದ ಹಿಂಗ್ವಾಷ್ಟಕ ಚೂರ್ಣಕ್ಕೂ ಇಂಗನ್ನ ತುಪ್ಪದಲ್ಲಿ ಹುರಿದೇ ಸೇರಿಸೋದು. ಶುಂಠಿ, ಮೆಣಸು, ಹಿಪ್ಪಲಿ, ಓಮ, ಎರಡು ಬಗೆ ಜೀರಿಗೆ, ಸೈಂಧವ ಉಪ್ಪು ಉಳಿದವು. ಊಟದ ಮೊದಲ ತುತ್ತಿಗೆ ತುಪ್ಪದ ಜೊತೆ ಕಲಸಿ ತಿನ್ನಬೇಕು, ಊಟ ಮುಗಿದ ಮೇಲೆ ಬಾಯಿಗೆ ಎಸೆಯೋದಲ್ಲ. ಬಸುರಿಯರು ಔಷಧಿ ಅಂತ ತಗೋಬೇಡಿ.

ಎಳೆ ಕೂಸಿಗೆ ಇಂಗಿನ ನೀರು ಕುಡಿಸೋರನ್ನ ಕಂಡ್ರೆ ಮೈ ಉರಿಯುತ್ತೆ. ಬಾಯಿಗೆ ಹನಿಯೂ ಬೇಡ! ಬಿಸಿನೀರಲ್ಲಿ ತೆಳ್ಳಗೆ ತೇದು, ಹೊಕ್ಕಳ ಸುತ್ತ ಹಚ್ಚೋದಷ್ಟೇ ಹಿಂದಿನವರ ಪದ್ಧತಿ, ಹೊಕ್ಕಳೊಳಗಲ್ಲ. ಚರ್ಮ ಕೆಂಪಾದ್ರೆ ತಕ್ಷಣ ತೊಳೀರಿ. ಆಮೇಲೂ ಅಳು ನಿಲ್ಲದಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ.