ಹವಳದ ತೊಟ್ಟಿಗೆ ಕಳೆ ಅನಿಮೋನ್ ಬಂದರೆ ಏನು ಮಾಡಬೇಕು?

ಕಲಬುರಗಿಯಂತಹ ಬಿಸಿಲೂರಿನಲ್ಲೂ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವ ಹವ್ಯಾಸ ಕೆಲವು ಮನೆಗಳನ್ನು ಸೇರಿದೆ. ಕಡಲು ದೂರವಿರುವುದರಿಂದ ಹವಳದ ತುಣುಕುಗಳನ್ನು ಹೈದರಾಬಾದ್ ಅಥವಾ ಬೆಂಗಳೂರಿನಿಂದ ತರಿಸಿಕೊಳ್ಳಬೇಕಾಗುತ್ತದೆ. ಆ ತುಣುಕಿನ ಬುಡದಲ್ಲೋ, ಲೈವ್ ರಾಕ್‌ನ (ಸೂಕ್ಷ್ಮಜೀವಿಗಳು ನೆಲೆಸಿದ ಕಡಲ ಕಲ್ಲಿನ) ಬಿರುಕಿನಲ್ಲೋ ತೊಗರಿ ಬೇಳೆಗಿಂತ ಚಿಕ್ಕದಾದ ಕಂದು ಬಣ್ಣದ ಜೀವಿಯೊಂದು ಅಂಟಿಕೊಂಡು ಬರುವುದುಂಟು. ಕೆಲವು ವಾರ ಯಾರ ಕಣ್ಣಿಗೂ ಬೀಳದೆ ಇದ್ದು, ಆಮೇಲೆ ಕಲ್ಲಿನ ತುಂಬ ಹರಡುವ ಈ ಜೀವಿಯೇ ಐಪ್ಟೇಸಿಯಾ ಎಂಬ ಅನಿಮೋನ್, ಅಂದರೆ ಹೂವಿನಂತೆ ಕಾಣುವ ಕಡಲ ಪ್ರಾಣಿ; ಮೈ ಅರೆಪಾರದರ್ಶಕವಾಗಿರುವುದರಿಂದ ಇದನ್ನು ಗಾಜಿನ ಅನಿಮೋನ್ ಎಂದೂ ಕರೆಯುತ್ತಾರೆ. ಇದರ ಬಾಯಿಯ ಸುತ್ತಲಿನ ಎಳೆಗಳಲ್ಲಿರುವ ಕುಟುಕು ಕೋಶಗಳು ಪಕ್ಕದ ಹವಳದ ಅಂಚನ್ನು ಸುಡುತ್ತವೆ. ಹವಳ ಹಿಂದೆ ಸರಿದಷ್ಟೂ ಇದು ಮುಂದೆ ಬರುತ್ತದೆ.

ಕಂಡ ಕೂಡಲೇ ಚಿಮುಟದಿಂದ ಕಿತ್ತು ಹಾಕೋಣ ಎನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಐಪ್ಟೇಸಿಯಾ ತನ್ನ ಪಾದದ (ಕಲ್ಲಿಗೆ ಅಂಟುವ ಬುಡದ) ಅಂಚಿನಿಂದ ಸಣ್ಣ ಚೂರುಗಳನ್ನು ಬಿಡುತ್ತ ಸಂತಾನ ಬೆಳೆಸುವ ಜೀವಿ. ಪ್ರತಿ ಚೂರೂ ಕೆಲವೇ ದಿನಗಳಲ್ಲಿ ಬಾಯಿ, ಎಳೆಗಳೆಲ್ಲ ಇರುವ ಹೊಸ ಅನಿಮೋನ್ ಆಗುತ್ತದೆ. ನಾವು ಕೆರೆದರೆ ಅದು ತಾನಾಗಿ ಮಾಡುವ ಕೆಲಸವನ್ನು ನಾವೇ ಬೇಗ ಮುಗಿಸಿಕೊಟ್ಟಂತಾಗುತ್ತದೆ. ದೀಪ ಆರಿಸಿ ಕತ್ತಲಲ್ಲಿಟ್ಟರೂ ಸಾಯುವುದಿಲ್ಲ. ಮೈಯೊಳಗಿದ್ದು ಆಹಾರ ಒದಗಿಸುವ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾದರೂ, ಸಿಕ್ಕಿದ ಆಹಾರದ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ಇಷ್ಟು ಸುಲಭವಾಗಿ ಬೆಳೆಯುವುದರಿಂದಲೇ ಹವಳ ಮತ್ತು ಪಾಚಿಯ ಸಹಜೀವನವನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಇದನ್ನು ಬೇಕೆಂದೇ ಸಾಕುತ್ತಾರೆ. ಆದ್ದರಿಂದ ಗುರಿ ಒಂದೇ ಇರಬೇಕು: ಇದ್ದ ಜಾಗದಲ್ಲೇ, ಪಾದದ ಸಮೇತ, ಇಡಿಯಾಗಿ ಕೊಲ್ಲುವುದು.

ಮೊದಲು ಗುರುತು ಹಿಡಿಯಿರಿ

ಐಪ್ಟೇಸಿಯಾಗೆ ಉದ್ದನೆಯ ಕಾಂಡ, ಅದರ ತುದಿಯಲ್ಲಿ ಬಾಯಿಯ ಸುತ್ತ ಚೂಪಾದ ತೆಳು ಎಳೆಗಳು ಇರುತ್ತವೆ; ನೆರಳು ಬಿದ್ದರೂ ಸಾಕು, ಸರಕ್ಕನೆ ಬಿರುಕಿನೊಳಗೆ ಸೇರಿಕೊಳ್ಳುತ್ತದೆ. ಮಜಾನೋ ಎಂಬ ಇನ್ನೊಂದು ಕಳೆ ಗಿಡ್ಡನೆಯದು, ಹಸಿರು ಅಥವಾ ಕಂದು ಬಣ್ಣದ್ದು, ಎಳೆಗಳ ತುದಿ ಸ್ವಲ್ಪ ಉಬ್ಬಿರುತ್ತದೆ. ಇದನ್ನು ಹವ್ಯಾಸಿಗಳು ಇಷ್ಟಪಟ್ಟು ಸಾಕುವ ಬಬಲ್ ಟಿಪ್ ಅನಿಮೋನ್‌ನ ಮರಿ ಎಂದು ತಿಳಿದು ಸಂತೋಷದಿಂದ ಬೆಳೆಸಿದವರೂ ಇದ್ದಾರೆ. ಬೀಸಣಿಗೆಯಂತಹ ಕಿರೀಟವನ್ನು ಕೊಳವೆಯಿಂದ ಹೊರಚಾಚುವ ಹುಳು ಮಾತ್ರ ನಿರುಪದ್ರವಿ. ಅದರ ತಂಟೆಗೆ ಹೋಗಬೇಡಿ. ರಾತ್ರಿ ಟಾರ್ಚ್ ಹಿಡಿದು ತೊಟ್ಟಿಯ ಹಿಂಬದಿ, ನೀರು ಹರಿದು ಬೀಳುವ ಪೆಟ್ಟಿಗೆ, ಕೆಳಗಿನ ಸಂಪ್ (ನೀರು ಸೋಸುವ ತೊಟ್ಟಿ), ಪೈಪಿನ ಬಾಯಿ ಎಲ್ಲವನ್ನೂ ನೋಡಿ, ಎಲ್ಲೆಲ್ಲಿ ಎಷ್ಟಿವೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಹೆಜ್ಜೆ ಈ ಲೆಕ್ಕದ ಮೇಲೆಯೇ ನಿಲ್ಲುತ್ತದೆ: ಹತ್ತಿಪ್ಪತ್ತು ಇದ್ದರೆ ಸುಣ್ಣದ ಪೇಸ್ಟ್ ಹಚ್ಚಿದರೆ ಸಾಕು, ಎಣಿಸಲಾಗದಷ್ಟು ಇದ್ದರೆ ತಿನ್ನುವ ಜೀವಿಗಳ ನೆರವು ಬೇಕು.

ಸುಣ್ಣದ ಪೇಸ್ಟ್

ಅಂಗಡಿಯಲ್ಲಿ ಐಪ್ಟೇಸಿಯಾ-ಎಕ್ಸ್‌ನಂತಹ ಸಿದ್ಧ ಔಷಧಗಳು ದೊರೆಯುತ್ತವೆ. ಆದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಅಗ್ಗವಾಗಿಯೂ ಪರಿಣಾಮಕಾರಿಯಾಗಿಯೂ ಕೆಲಸ ಮಾಡುತ್ತದೆ. ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತಲಿನ ನೆಲವೇ ಸುಣ್ಣಕಲ್ಲಿನದಾದ್ದರಿಂದ ನಮ್ಮ ಭಾಗದಲ್ಲಿ ಸುಣ್ಣಕ್ಕೆ ಬರವಿಲ್ಲ. ಹಾಗೆಂದು ಗೋಡೆಗೆ ಬಳಿಯುವ ಸುಣ್ಣವನ್ನಾಗಲಿ, ಎಲೆಯಡಿಕೆಯ ಡಬ್ಬಿಯ ಸುಣ್ಣವನ್ನಾಗಲಿ ತೊಟ್ಟಿಗೆ ಹಾಕಬಾರದು, ಏಕೆಂದರೆ ಅವುಗಳಲ್ಲಿ ಬೇರೆ ಖನಿಜ, ಬಣ್ಣ, ಸುವಾಸನೆ ಬೆರೆತಿರಬಹುದು. ಪ್ರಯೋಗಾಲಯದ ರಾಸಾಯನಿಕ ಮಾರುವಲ್ಲಿ ಅಥವಾ ಅಕ್ವೇರಿಯಂ ಅಂಗಡಿಯಲ್ಲಿ ಶುದ್ಧ ಪುಡಿಯನ್ನೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿಡಿ. ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಆಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ.

ಕೆಲಸಕ್ಕೆ ಬೆಳಗಿನ ಜಾವ, ತೊಟ್ಟಿಯ ದೀಪ ಹತ್ತುವ ಮುನ್ನ, ಒಳ್ಳೆಯ ಹೊತ್ತು. ರಾತ್ರಿಯಿಡೀ ಜೀವಿಗಳ ಉಸಿರಾಟದಿಂದ ಇಳಿದ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಆಗ ಕೆಳಮಟ್ಟದಲ್ಲಿರುತ್ತದೆ, ಸುಣ್ಣದಿಂದ ಅದು ಏರಿದರೂ ಜೀವಿಗಳಿಗೆ ಅಪಾಯ ಕಡಿಮೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಸುಣ್ಣದ ತಿಳಿನೀರಿನ ಪಿಎಚ್ಚೇ ಸುಮಾರು 12.4, ಕಣ್ಣಿಗೆ ಸಿಡಿದರೆ ಗಾಯವಾಗುತ್ತದೆ. ಪುಡಿಗೆ ಆರ್‌ಒ ನೀರನ್ನು ಹನಿಹನಿಯಾಗಿ ಸೇರಿಸಿ, ಸಿರಿಂಜಿನಿಂದ ಇಳಿಯುವಷ್ಟು ತೆಳುವಾಗಿ, ನೀರಿನಲ್ಲಿ ಚದುರದಷ್ಟು ಗಟ್ಟಿಯಾಗಿ ಕಲಸಿ. ಪಂಪುಗಳನ್ನೆಲ್ಲ ನಿಲ್ಲಿಸಿ, ನೀರು ನಿಶ್ಚಲವಾದ ಮೇಲೆ ಸಿರಿಂಜಿನ ತುದಿಯನ್ನು ಅನಿಮೋನ್‌ನ ಬಳಿಗೆ ಪಕ್ಕದಿಂದ, ಬಹಳ ನಿಧಾನವಾಗಿ ತನ್ನಿ. ಎಳೆಗಳಿಗೆ ತಾಗದಂತೆ ಬಾಯಿಯ ನೇರಕ್ಕೆ ಬಂದ ನಂತರ ಪೇಸ್ಟ್ ಬಿಡಿ. ಅದು ಆಹಾರವೆಂದು ಭಾವಿಸಿ ಮೊದಲ ತೊಟ್ಟನ್ನು ಒಳಗೆಳೆದುಕೊಳ್ಳುತ್ತದೆ. ಮರುಕ್ಷಣ ಎಳೆಗಳು ಒಳಗೆ ಮಡಚಿ, ಕಾಂಡ ಕುಗ್ಗಿ, ಬಿರುಕಿನ ಬಾಯಲ್ಲಿ ಒಂದು ಕಂದು ಉಂಡೆ ಮಾತ್ರ ಉಳಿಯುತ್ತದೆ. ಆ ಉಂಡೆಯೂ ಬಿರುಕೂ ಪೂರ್ತಿ ಮುಚ್ಚುವಂತೆ ಮತ್ತಷ್ಟು ಪೇಸ್ಟ್ ಹಾಕಿ, ಹತ್ತರಿಂದ ಹದಿನೈದು ನಿಮಿಷ ಹಾಗೆಯೇ ಬಿಡಿ.

ಬೇಸಿಗೆಯಲ್ಲಿ ನಮ್ಮಲ್ಲಿ ಹೊರಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಹಾಗಾಗಿ ಆ ಹತ್ತು-ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಪಂಪು ನಿಲ್ಲಿಸಬೇಡಿ, ಕರೆಂಟ್ ಹೋಗುವ ಸೂಚನೆಯಿರುವ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಪೇಸ್ಟ್ ಹವಳದ ಮೇಲೆ ಬೀಳಬಾರದು. 200 ಲೀಟರ್ ತೊಟ್ಟಿಯಲ್ಲಿ ದಿನಕ್ಕೆ ನಾಲ್ಕೈದು ಅನಿಮೋನ್‌ಗಳಿಗಿಂತ ಹೆಚ್ಚಿಗೆ ಹಚ್ಚದಿರುವುದು ಕ್ಷೇಮ, ಪಿಎಚ್ 8.5 ಮುಟ್ಟಿದರೆ ಅಂದಿಗೆ ನಿಲ್ಲಿಸಿ. ಒಂದು ವಾರದ ನಂತರ ಬರೆದಿಟ್ಟ ಲೆಕ್ಕ ಹಿಡಿದು ಅದೇ ಜಾಗಗಳನ್ನು ಮತ್ತೆ ನೋಡಿ, ಉಳಿದವಕ್ಕೆ ಮತ್ತೆ ಹಚ್ಚಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಇದಲ್ಲ.

ಹೊರತೆಗೆಯಲು ಬರುವ ಕಲ್ಲಾದರೆ ಅನಿಮೋನ್‌ಗೆ ಹೊರಗೇ ಪೇಸ್ಟ್ ಹಚ್ಚಿ, ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನಲ್ಲಿ ತೊಳೆದು ಮರಳಿ ಇಡಬಹುದು. ಆದರೆ ಕಲ್ಲನ್ನು ಒಲೆಯ ಮೇಲೆ ಕುದಿಸುವ ಆಲೋಚನೆ ಮಾತ್ರ ಬೇಡ. ಕಲ್ಲಿನ ಮೇಲೆ ಝೋಆಂಥಿಡ್ ಜಾತಿಯ ಪಾಲಿಪ್‌ಗಳಿದ್ದರೆ (ಹವಳದ ನಂಟಿನ ಪುಟ್ಟ ಜೀವಿಗಳು) ಅವುಗಳಲ್ಲಿರಬಹುದಾದ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಹಬೆಯೊಂದಿಗೆ ಮನೆಯೆಲ್ಲ ಹರಡುತ್ತದೆ. ಹೀಗೆ ಕುದಿಸಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ.

ತಿನ್ನುವ ಜೀವಿಗಳು

ಪೆಪರ್‌ಮಿಂಟ್ ಸೀಗಡಿ ಚಿಕ್ಕ ಐಪ್ಟೇಸಿಯಾಗಳನ್ನು ರಾತ್ರಿ ಹೊತ್ತು ತಿನ್ನುತ್ತದೆ. ದೊಡ್ಡವುಗಳ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಮೀನಿನ ಆಹಾರ ಧಾರಾಳವಾಗಿ ಸಿಕ್ಕರೆ ಚಿಕ್ಕವನ್ನೂ ಬಿಟ್ಟುಬಿಡುತ್ತದೆ. ಕೊಳ್ಳುವಾಗ ಬೆನ್ನು ನೋಡಿ: ಗೂನು ಬೆನ್ನಿದ್ದು ಕೆಂಪಿನ ನಡುವೆ ದಪ್ಪ ಬಿಳಿ ಗೆರೆಗಳಿದ್ದರೆ ಅದು ಕ್ಯಾಮೆಲ್ ಸೀಗಡಿ, ಅದು ಹವಳವನ್ನೇ ತಿನ್ನುತ್ತದೆ. ಬರ್ಗಿಯಾ ಎಂಬ ಚಿಕ್ಕ ಕಡಲ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲವಾದ್ದರಿಂದ, ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಸೀಗಡಿ, ರಾಸ್ ಮೀನುಗಳು ಇದನ್ನು ತಿಂದುಹಾಕುತ್ತವೆ, ಪಂಪುಗಳು ಎಳೆದುಕೊಳ್ಳುತ್ತವೆ. ಇದನ್ನು ಬಿಟ್ಟ ಮೇಲೆ ಸುಣ್ಣ ಹಚ್ಚುವುದನ್ನು ನಿಲ್ಲಿಸಬೇಕು, ಐಪ್ಟೇಸಿಯಾ ಮುಗಿದ ಮೇಲೆ ಹಸಿವಿನಿಂದ ಸಾಯುವ ಮೊದಲೇ ಇನ್ನೊಬ್ಬ ಹವ್ಯಾಸಿಗೆ ದಾಟಿಸಬೇಕು. ಕಾಪರ್‌ಬ್ಯಾಂಡ್ ಚಿಟ್ಟೆಮೀನು ಕೂಡ ಐಪ್ಟೇಸಿಯಾ ತಿನ್ನುತ್ತದೆ, ಆದರೆ ದೊಡ್ಡ ತೊಟ್ಟಿಯಿಲ್ಲದವರು ಅದನ್ನು ತರುವುದು ಆ ಮೀನಿಗೆ ಮಾಡುವ ಅನ್ಯಾಯ. ಮಜಾನೋಗೆ ಬರ್ಗಿಯಾ ಉಪಯೋಗವಿಲ್ಲ, ಅಲ್ಲಿ ಸುಣ್ಣವೇ ಗತಿ.

ಇಷ್ಟೆಲ್ಲ ಮಾಡಿದರೂ ತೊಟ್ಟಿಯಲ್ಲಿ ಮೀನಿನ ಆಹಾರ ಮಿಗುತ್ತಿದ್ದರೆ ಅನಿಮೋನ್ ಮರಳಿ ಬರುತ್ತದೆ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ ಹಾಕಿ, ವಾರಕ್ಕೊಮ್ಮೆ ನೀರು ಬದಲಿಸಿ, ನೈಟ್ರೇಟ್ ಮತ್ತು ಫಾಸ್ಫೇಟ್ ಪರೀಕ್ಷಿಸುತ್ತಿರಿ. ಹೊಸ ಹವಳ ಬಂದಾಗ ಅದು ಅಂಟಿರುವ ಪ್ಲಗ್ಗನ್ನು (ಚಿಕ್ಕ ಬಿಲ್ಲೆಯನ್ನು) ಕತ್ತರಿಸಿ ಬಿಸಾಡಿ, ಹವಳವನ್ನು ಹೊಸ ಪ್ಲಗ್ಗಿಗೆ ಅಂಟಿಸಿ, ಬೇರೆ ಚಿಕ್ಕ ತೊಟ್ಟಿಯಲ್ಲಿ ನಾಲ್ಕು ವಾರ ಇರಿಸಿ. ಔಷಧದ ನೀರಿನಲ್ಲಿ ಅದ್ದಿದ ಮಾತ್ರಕ್ಕೆ ಐಪ್ಟೇಸಿಯಾ ಸಾಯುತ್ತದೆ ಎಂದು ನಂಬಬೇಡಿ. ನಮ್ಮ ಕಡಲಿನ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ, ತುಣುಕು ಕೊಳ್ಳುವಾಗ ಅದು ಎಲ್ಲಿಂದ ಬಂದಿತೆಂಬ ದಾಖಲೆಯನ್ನೂ ಕೇಳಿ ಪಡೆಯಿರಿ.