ಹಳೇ ಎರಡು ಸೀಟಿನ ವಿಮಾನ ಕೊಳ್ಳುವುದು ಹೇಗೆ? ಬಣ್ಣ ಬಿಡಿ, ಹಲ್ಲು ನೋಡಿ

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಸುಳಿ, ಆಮೇಲೆ ನಡಿಗೆ. ಕೊಂಬಿನ ಬಣ್ಣಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಜಾವಾ, ಯೆಜ್ಡಿ ತಯಾರಾದ ಊರು ನಮ್ಮದು. ಹಳೇ ಬೈಕು ಕೊಳ್ಳುವಾಗ ಕಿಕ್ ಹೊಡೆದು ಹೊಗೆಯ ಬಣ್ಣ ನೋಡದೆ ಮೈಸೂರಿನವರು ರೇಟು ಮಾತಾಡುವುದಿಲ್ಲ. ಆದರೆ ಇದೇ ಜನ ಹಳೇ ವಿಮಾನ ನೋಡಲು ಹೋದಾಗ ಎಲ್ಲವನ್ನೂ ಮರೆತುಬಿಡುತ್ತಾರೆ. ಹೊಸ ಪೇಂಟು, ‘ಜಾಸ್ತಿ ಹಾರಿಲ್ಲ ಸಾರ್’ ಎಂಬ ಒಂದು ಮಾತು, ಅಷ್ಟಕ್ಕೇ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಮೂರು ಸಲ ಇದನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ಸಲ ಆ ಅಡ್ವಾನ್ಸಿನಲ್ಲಿ ನನ್ನ ಪಾಲೂ ಇತ್ತು. ಅದಕ್ಕೇ ಈ ಬರಹ.

ಹೆಜ್ಜೆ 1: ಜಾಗ ಮತ್ತು ಜೊತೆ

ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕು. ಅದು ಮುಗಿಯುವ ಮುಂಚೆ ವಿಮಾನ ಹುಡುಕಬೇಡಿ. ಮೈಸೂರು ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಇದೆ, ಸಣ್ಣ ವಿಮಾನಕ್ಕೆ ಧಾರಾಳ. ಆದರೆ ರನ್‌ವೇ ಇದ್ದ ಮಾತ್ರಕ್ಕೆ ನಿಲ್ಲಿಸಲು ಜಾಗ ಸಿಗುತ್ತದೆ ಎಂದಲ್ಲ. ಅದನ್ನು ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ. ಆಷಾಢದ ಗಾಳಿಗೆ ಬಯಲಲ್ಲಿ ಕಟ್ಟಿಹಾಕಿದ ವಿಮಾನದ ಪಾಡು ನೋಡಿದವರು ಹ್ಯಾಂಗರ್ ಇಲ್ಲದೆ ಕೊಳ್ಳುವುದಿಲ್ಲ. ನಾಲ್ಕು ಜನ ಸೇರಿ ಕೊಂಡರೆ ಖರ್ಚು ಹಂಚಿಹೋಗುತ್ತದೆ. ಐದನೆಯವರನ್ನು ಸೇರಿಸಬೇಡಿ. ಭಾನುವಾರ ಬೆಳಗ್ಗೆ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ.

ಹೆಜ್ಜೆ 2: ಯಾವ ವಿಮಾನ?

ನನ್ನ ಆಯ್ಕೆ ಸೆಸ್ನಾ 152. ಅದು ಸಿಗದಿದ್ದರೆ ಅದರ ಅಣ್ಣ 150. ಎರಡೂ ಸೇರಿ ಪ್ರಪಂಚದಲ್ಲಿ 30 ಸಾವಿರಕ್ಕಿಂತ ಜಾಸ್ತಿ ತಯಾರಾಗಿವೆ, ಹಾಗಾಗಿ ಬಿಡಿಭಾಗಕ್ಕೆ ಅಲೆಯಬೇಕಿಲ್ಲ. ಗಂಟೆಗೆ ಸುಮಾರು 23 ಲೀಟರ್ ಇಂಧನ ಸಾಕು. ಒಂದು ವಿಷಯ ಮಾತ್ರ ನೆನಪಿರಲಿ: 152ರ ತಯಾರಿಕೆ 1985ಕ್ಕೇ ನಿಂತಿತು. ತೀರಾ ಕಿರಿಯದಕ್ಕೂ ನಲವತ್ತು ದಾಟಿದೆ.

ತೂಕದ ಲೆಕ್ಕವನ್ನೂ ಹಾಕಿ. ಹಾರುವಾಗ 152ರ ಒಟ್ಟು ತೂಕ 757 ಕೆಜಿ ಮೀರುವಂತಿಲ್ಲ. ಖಾಲಿ ವಿಮಾನವೇ 515 ಕೆಜಿ ತೂಗಿದರೆ ಉಳಿಯುವುದು 242. ಟ್ಯಾಂಕ್ ತುಂಬಾ ಇಂಧನ ಹಾಕಿ 85 ಕೆಜಿಯ ಇಬ್ಬರು ಕೂತರೆ ಬ್ಯಾಗಿಗೆ ಹೆಚ್ಚುಕಡಿಮೆ ಜಾಗವೇ ಇಲ್ಲ.

ದುಡ್ಡು ಇನ್ನೂ ಕಡಿಮೆ ಇದ್ದರೆ ಮೈಕ್ರೋಲೈಟ್ ಎಂಬ ತೀರಾ ಹಗುರದ ವಿಮಾನ ಇದೆ. ಬೆಂಗಳೂರಿನಲ್ಲೇ ತಯಾರಾದ ಎಕ್ಸ್-ಏರ್ ಅಂಥದ್ದು. ಅದರ ಮೈ ಬಟ್ಟೆಯದು, ಬಿಸಿಲಿಗೆ ಬಟ್ಟೆ ಸಾಯುತ್ತದೆ. ಸ್ಪ್ರಿಂಗ್ ಮಾಪಕ ಹಾಕಿ ಬಟ್ಟೆಯನ್ನೂ ಹೊಲಿಗೆಯನ್ನೂ ಎಳೆದು ನೋಡಿಸದೆ ಒಪ್ಪಬೇಡಿ. ಹರಿದ ಕಡೆ ಅಂಗಡಿಯ ಟೇಪು ಅಂಟಿಸಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಎಂಜಿನ್ ಯಾವುದೆಂದೂ ಕೇಳಿ. ರೋಟ್ಯಾಕ್ಸ್ 582 ಟೂ-ಸ್ಟ್ರೋಕ್ ಆದರೆ 300 ಗಂಟೆಗೇ ಪೂರ್ತಿ ಬಿಚ್ಚಿ ಜೋಡಿಸುವ ಓವರ್‌ಹಾಲ್ ಬರುತ್ತದೆ. ಅದೇ ಕಂಪನಿಯ 912 ಎಂಜಿನ್ ಒಳ್ಳೆಯದು, ಕಾರಿನ ಪೆಟ್ರೋಲಿನಲ್ಲೂ ಓಡುತ್ತದೆ ಎನ್ನುತ್ತಾರೆ. ನಿಜ. ಆದರೆ ಕಂಪನಿ ಒಪ್ಪುವುದು ಶೇ 10ರವರೆಗಿನ ಎಥನಾಲ್ ಮಾತ್ರ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20ರದ್ದು. ದಯವಿಟ್ಟು ಆ ಉಳಿತಾಯಕ್ಕೆ ಹೋಗಬೇಡಿ.

ಹೆಜ್ಜೆ 3: ಹುಡುಕುವುದು

ಜಾಹೀರಾತಿಗಿಂತ ಫೋನ್ ಮೇಲು. ಹಾರಾಟ ಶಾಲೆಗಳ ಎಂಜಿನಿಯರ್‌ಗಳನ್ನು ಮಾತಾಡಿಸಿ. ಯಾವ ಶಾಲೆ ಯಾವುದನ್ನು ಮಾರಲಿದೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಹೆಜ್ಜೆ 4: ಲಾಗ್‌ಬುಕ್ ಮತ್ತು ಎಂಜಿನ್

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೈಗೊಂದು, ಎಂಜಿನ್‌ಗೊಂದು, ಪ್ರೊಪೆಲ್ಲರ್‌ಗೊಂದು ಲಾಗ್‌ಬುಕ್ ಇರಬೇಕು. ‘ಒಂದು ಕಳೆದುಹೋಗಿದೆ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಒಂದು ಹಾಳೆಯಲ್ಲಿ ವರ್ಷಗಳನ್ನು ಸಾಲಾಗಿ ಬರೆದು, ಪ್ರತಿ ವರ್ಷದ ಎದುರು ಆ ವರ್ಷ ಹಾರಿದ ಗಂಟೆ ಬರೆಯಿರಿ. ಎಲ್ಲಿ ಸೊನ್ನೆ ಬರುತ್ತದೋ ಅಲ್ಲಿ ಬೆರಳಿಡಿ.

ನಾವು ಕೈ ಸುಟ್ಟುಕೊಂಡದ್ದು ಈ ಸೊನ್ನೆಯಿಂದಲೇ. ಓವರ್‌ಹಾಲ್ ಆದಮೇಲೆ ಬರೀ 400 ಗಂಟೆ ಹಾರಿದ ಎಂಜಿನ್ ಎಂದು ಖುಷಿಪಟ್ಟೆವು. ನಡುವೆ ಆರು ವರ್ಷ ಅದು ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. 152ರಲ್ಲಿರುವುದು ಲೈಕಮಿಂಗ್ ಎಂಜಿನ್. ಅದರಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮೇಲ್ಗಡೆ ಇದೆ. ಎಂಜಿನ್ ನಿಂತರೆ ಆಯಿಲ್ ಎಲ್ಲ ಕೆಳಗಿಳಿಯುತ್ತದೆ, ಕ್ಯಾಮ್‌ಶಾಫ್ಟ್ ಒಣಗಿ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ಆ ತುಕ್ಕಿನ ಗುಳಿಗಳು ಲೋಹವನ್ನೇ ಕಿತ್ತು ತಿನ್ನುತ್ತವೆ. ಗಂಟೆಯ ಲೆಕ್ಕದಲ್ಲಿ ಆ ಎಂಜಿನ್‌ಗೆ ಒಂದು ಓವರ್‌ಹಾಲ್‌ನಿಂದ ಇನ್ನೊಂದಕ್ಕೆ 2,400 ಗಂಟೆ ಆಯುಸ್ಸು. ಆದರೆ 12 ವರ್ಷದ ಮಿತಿಯನ್ನೂ ಕಂಪನಿಯೇ ಹೇಳಿದೆ. ಅದನ್ನು ನಾವು ಓದಿರಲಿಲ್ಲ. ಅದಕ್ಕೇ ಹೇಳುತ್ತೇನೆ: ಶೆಡ್ಡಿನಲ್ಲಿ ಮಲಗಿದ್ದ 2,000 ಗಂಟೆಯ ವಿಮಾನಕ್ಕಿಂತ, ದಿನಾ ಹಾರಿದ 9,000 ಗಂಟೆಯ ಶಾಲೆಯ ವಿಮಾನ ಸಾವಿರ ಪಾಲು ಮೇಲು.

ಈಗ ಎಂಜಿನ್ ಕವಚ ತೆಗೆಸಿ. ಲೈಸೆನ್ಸ್ ಇರುವ ನಿಮ್ಮದೇ ಮೇಂಟೆನೆನ್ಸ್ ಎಂಜಿನಿಯರ್ ಜೊತೆಗಿರಬೇಕು, ಮಾರುವವರ ಕಡೆಯವರು ಬೇಡ. ಆ ಫೀಸು ಉಳಿಸಲು ಹೋದವರೆಲ್ಲ ಅದರ ಹತ್ತರಷ್ಟು ಕಳೆದುಕೊಂಡಿದ್ದಾರೆ.

ಎಂಜಿನ್ ಬಿಸಿ ಮಾಡಿ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದಲ್ಲಿ ಗಾಳಿ ಬಿಟ್ಟಾಗ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಲೆಕ್ಕ. 75 ಬಂದರೆ ಚೆನ್ನಾಗಿದೆ. ಲೈಕಮಿಂಗ್‌ನಲ್ಲಿ 60ರ ಕೆಳಗೆ ಬಂದರೆ ಸಿಲಿಂಡರ್ ಬಿಚ್ಚುವ ಮಾತು. ಒಂದು ಸಿಲಿಂಡರ್ 76, ಪಕ್ಕದ್ದು 62 ಇದ್ದರೂ ಅನುಮಾನಪಡಿ. ಈ ಸಮಯದಲ್ಲಿ ಪ್ರೊಪೆಲ್ಲರನ್ನು ಎಂಜಿನಿಯರ್ ಗಟ್ಟಿಯಾಗಿ ಹಿಡಿದಿರುತ್ತಾರೆ. ಕೈ ಜಾರಿದರೆ ಅದು ತಿರುಗಿ ಹೊಡೆಯುತ್ತದೆ, ನೀವು ದೂರ ನಿಲ್ಲಿ. ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಅವರನ್ನು ಕೇಳಿ. ಸೈಲೆನ್ಸರ್ ಕಡೆ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬ್ಯುರೇಟರ್ ಕಡೆಯಾದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗು.

ಆಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಲ್ಲಿ ಹರಡಿ ನೋಡಿ. ಹಳೇ 150ಗಳಲ್ಲಿ ಬರೀ ಜಾಲರಿ ಇರುತ್ತದೆ, ಅದನ್ನೇ ತೊಳೆದು ನೋಡಿ. ಮಿನುಗುವ ಚೂರಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಕ್ಯಾಮ್‌ಶಾಫ್ಟಿನ ಕಡೆಯಿಂದ ಬಂದಿರಬಹುದು. ನಮ್ಮ ವಿಮಾನದಲ್ಲಿ ಅಂಟಿತ್ತು. ಆದರೆ ಆ ಹೊತ್ತಿಗೆ ಅಡ್ವಾನ್ಸ್ ಕೊಟ್ಟು ಎರಡು ತಿಂಗಳಾಗಿತ್ತು.

ಪ್ಲಗ್ ತೂತಿನಿಂದ ಒಳಗೆ ನೋಡಲು ಮೊಬೈಲಿಗೆ ಹಾಕುವ ಅಗ್ಗದ ಕ್ಯಾಮೆರಾ ಸಾಕು, ದುಬಾರಿಯದು ಬೇಡ. ಆದರೆ ‘ಹಾಕಿದರೆ ಎಂಜಿನ್ ಹೊಸದಾಗುತ್ತದೆ’ ಎಂದು ಮಾರುವ ಆಯಿಲ್ ಸೇರ್ಪಡೆಗಳನ್ನು ನಂಬಬೇಡಿ. ತಿಂದುಹೋದ ಲೋಹವನ್ನು ಯಾವ ಡಬ್ಬಿಯೂ ವಾಪಸ್ ತರುವುದಿಲ್ಲ.

ಹೆಜ್ಜೆ 5: ಮೈ

ಮೊದಲು ಸೀಟಿನ ಹಳಿ. ಕಾರ್ಪೆಟ್ ಎತ್ತಿ ಹಳಿಯ ತೂತು ದುಂಡಗಿದೆಯಾ ನೋಡಿ. ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಪಿನ್ ನಿಲ್ಲುವುದಿಲ್ಲ. ಟೇಕಾಫ್ ಹೊತ್ತಲ್ಲಿ ಸೀಟು ಹಿಂದಕ್ಕೆ ಜಾರಿ, ಪೈಲಟ್ ಕೈಗೆ ಸಿಕ್ಕ ಸ್ಟಿಯರಿಂಗನ್ನೇ ಎಳೆದು ಸೆಸ್ನಾಗಳು ಬಿದ್ದಿವೆ. ಈ ಹಳಿ ತಪಾಸಣೆಗೆ ಅಮೆರಿಕದ ಕಡ್ಡಾಯ ಆದೇಶವೇ ಇದೆ. ಲಾಗ್‌ಬುಕ್‌ನಲ್ಲಿ ಅದರ ನಮೂದು ಹುಡುಕಿ.

ಮುಂದಿನ ಚಕ್ರದ ಹಿಂದೆ, ಎಂಜಿನ್ ಮತ್ತು ಪೈಲಟ್ ಕಾಲಿನ ನಡುವಿನ ತಗಡು ಸುಕ್ಕುಗಟ್ಟಿದ್ದರೆ ಯಾರೋ ಮೂಗಿನ ಮೇಲೆ ಇಳಿಸಿದ್ದಾರೆ. ಮಂಗಳೂರು, ಕೇರಳದ ಕಡೆ ಇದ್ದ ವಿಮಾನವಾದರೆ ತಪಾಸಣೆ ಮುಚ್ಚಳಗಳನ್ನೆಲ್ಲ ಬಿಚ್ಚಿಸಿ, ರೆಕ್ಕೆಯ ಒಳಗೆ ಬಿಳಿ ಪುಡಿ ಹುಡುಕಿ. ಅಲ್ಯುಮಿನಿಯಂ ತುಕ್ಕು ಹಾಗೇ ಕಾಣುತ್ತದೆ. ಬೋಲ್ಟುಗಳ ತಲೆಯನ್ನೂ ನೋಡಿ. ವಿಮಾನದ ಉಕ್ಕಿನ ಬೋಲ್ಟಿಗೆ ಗುಣಾಕಾರ ಚಿಹ್ನೆಯಂಥ ಗುರುತು ಇರುತ್ತದೆ. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಒಂದು ಸಿಕ್ಕರೂ, ಬೇರೆ ಕಡೆಯೂ ಅದೇ ಕೆಲಸ ಆಗಿರುತ್ತದೆ.

ಹೆಜ್ಜೆ 6: ಕಾಗದ ಮತ್ತು ದುಡ್ಡು

ನೋಂದಣಿ ಪತ್ರದಲ್ಲಿ ಬ್ಯಾಂಕ್ ಸಾಲದ ನಮೂದು ಇದೆಯಾ ನೋಡಿ. ವಿಮಾನ ಹಾರಲು ಯೋಗ್ಯ ಎನ್ನುವ ವಾರ್ಷಿಕ ವಾಯುಯೋಗ್ಯತೆ ಪರಿಶೀಲನಾ ಪತ್ರ ಚಾಲ್ತಿಯಲ್ಲಿ ಇರಬೇಕು. ವಿದೇಶದಿಂದ ತರಿಸುವುದಾದರೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅನುಮತಿ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಡ್ವಾನ್ಸ್ ಕೊಡುವುದಾದರೆ, ತಪಾಸಣೆಯಲ್ಲಿ ಫೇಲಾದರೆ ಪೂರ್ತಿ ವಾಪಸ್ ಎಂದು ಅಗ್ರಿಮೆಂಟಿನಲ್ಲಿ ಬರೆಸಿ. ಕೊಳ್ಳುವ ಬೆಲೆಯ ಮೂರನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಅದು ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ.

ನೋಂದಣಿ ನಿಮ್ಮ ಹೆಸರಿಗೆ ಆಗಿ, ವಿಮೆ ಮಾಡಿಸಿದ ಮೇಲೆ ಊರಿಗೆ ತನ್ನಿ. ಆ ಮೊದಲ ಹಾರಾಟಕ್ಕೆ ಅದೇ ಮಾದರಿಯಲ್ಲಿ ಪಳಗಿದ ಪೈಲಟ್ ಪಕ್ಕದಲ್ಲಿರಲಿ. ಮಂಡಕಳ್ಳಿಗೆ ಬಂದು ಹತ್ತು ಗಂಟೆ ಹಾರಿದ ಮೇಲೆ ಆಯಿಲ್ ಬದಲಿಸಿ, ಫಿಲ್ಟರನ್ನು ಇನ್ನೊಮ್ಮೆ ಕತ್ತರಿಸಿ ಅಯಸ್ಕಾಂತ ಹಿಡಿಯಿರಿ.